ಮೂರನೆಯ ಅಡಿಟಿಪ್ಪಣಿ

ಮಂಗಳವಾರ ಬೆಳಗ್ಗೆ ಏಳು ನಲವತ್ತಕ್ಕೆ ನನ್ನ ಸೋದರಮಾವನನ್ನು ಶಸ್ತ್ರಚಿಕಿತ್ಸೆಯ ಕೊಠಡಿಗೆ ಒಯ್ದರು. ಎಂಟೂಕಾಲಿಗೆ ಅರಿವಳಿಕೆ ಕೊಟ್ಟರು. ಎಂಟು ಐವತ್ತಕ್ಕೆ ಮೇಲ್ದವಡೆಯ ಮೇಲೆ ಮೊದಲ ಗೀರು ಬಿತ್ತು. ಒಂಬತ್ತು ಹತ್ತರಿಂದ ಅವರ ರಕ್ತದೊತ್ತಡವನ್ನು ಬೇಕೆಂದೇ ಇಳಿಸತೊಡಗಿದರು. ಒಂಬತ್ತೂವರೆಗೆ ಸರಾಸರಿ ಒತ್ತಡ ಅರವತ್ತರ ಕೆಳಗೆ ಹೋಯಿತು, ಹನ್ನೊಂದು ಹತ್ತರವರೆಗೆ ಮೇಲೆ ಬರಲಿಲ್ಲ. ಆ ನೂರು ನಿಮಿಷಗಳಲ್ಲಿ ಇಪ್ಪತ್ತೆರಡು ನಿಮಿಷ ಅದು ಐವತ್ತನ್ನೂ ಮುಟ್ಟಲಿಲ್ಲ. ಹನ್ನೆರಡು ನಲವತ್ತಕ್ಕೆ ಕೊನೆಯ ಹೊಲಿಗೆ. ಒಂದು ಗಂಟೆಗೆ ಕಾರಿಡಾರಿನ ಬಿಳಿ ಹಲಗೆಯ ಮೇಲೆ 90 ಎಂದು ಬರೆದರು. ಒಂದು ಹತ್ತಕ್ಕೆ ಚಪ್ಪಾಳೆ ತಟ್ಟಿದರು.

ಈ ಒತ್ತಡಗಳು ಒತ್ತಡ ಅಳೆಯುವ ಯಂತ್ರದ ನೆನಪಿನಿಂದ ತೆಗೆದವು. ಕೈಯಲ್ಲಿ ಬರೆದ ಅರಿವಳಿಕೆಯ ಹಾಳೆಯಲ್ಲಿ ಕಥೆ ಬೇರೆ. ಅಲ್ಲಿ ಐದೈದು ನಿಮಿಷಕ್ಕೊಂದರಂತೆ 65 ಎಂಬ ಸಂಖ್ಯೆಯನ್ನು ಇಪ್ಪತ್ತು ಸಲ, ಒಂದೇ ಎತ್ತರದಲ್ಲಿ, ಒಂದೇ ಶಾಯಿಯಲ್ಲಿ ಬರೆಯಲಾಗಿದೆ. ಕಾಪಿ ಬರೆಯುವ ಮಕ್ಕಳೂ ನಡುವೆ ಒಮ್ಮೆ ತಪ್ಪುತ್ತಾರೆ.

ಹಲಗೆಯ ವಿಚಾರ ಮೊದಲು ಹೇಳಬೇಕು. ನಾನು ಕೆಲಸ ಮಾಡುವ ಆಸ್ಪತ್ರೆಯ ದವಡೆ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು, ಪ್ರತಿ ರೋಗಿ ಕಳೆದುಕೊಂಡ ರಕ್ತ ಎಷ್ಟು ಮಿಲಿಲೀಟರ್ ಎಂಬುದನ್ನು ಸ್ವಹಸ್ತದಿಂದ ಅದರ ಮೇಲೆ ಬರೆಯುತ್ತಾರೆ. ಮೂರು ವರ್ಷಗಳ ಹಿಂದೆ ಅಲ್ಲಿ ನಾನೂರು, ಮುನ್ನೂರೈವತ್ತು ಇರುತ್ತಿದ್ದವು. ಆಮೇಲೆ ಇನ್ನೂರು, ನೂರೆಂಬತ್ತು, ನೂರಹತ್ತು. ಹೊಸ ಸಂಖ್ಯೆ ಹಿಂದಿನದಕ್ಕಿಂತ ಇಳಿದ ದಿನ ವಿಭಾಗಕ್ಕೆಲ್ಲ ಚಹಾ. ಏರಿದ ದಿನ ಅವರ ಎದುರು ಯಾರೂ ಸುಳಿಯುವುದಿಲ್ಲ. ತಮ್ಮ ಕೈ ಇರುವ ಕಡೆ ಒಂದು ಹನಿ ಕಾಣಬಾರದು ಎಂಬುದು ಅವರು ದಿನಕ್ಕೆ ಹತ್ತು ಸಲ ಹೇಳುವ ಮಾತು. ಆದ್ದರಿಂದ ಬೆನ್ನ ಹಿಂದೆ ಅವರ ಹೆಸರು ಒಂದು ಹನಿ.

ಒತ್ತಡ ಇಳಿಸುವುದು ಮೂಲತಃ ತಪ್ಪಲ್ಲ. ದವಡೆಯ ಮೂಳೆಯನ್ನು ಕತ್ತರಿಸಿ ಮುಂದಕ್ಕೆ ತರುವಾಗ ರಕ್ತ ಜಿನುಗಿ ಕತ್ತರಿಸುವ ಗೆರೆಯನ್ನೇ ಮುಚ್ಚುತ್ತದೆ. ಒತ್ತಡವನ್ನು ಸ್ವಲ್ಪ ತಗ್ಗಿಸಿದರೆ ಗೆರೆ ಕಾಣುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಇಲ್ಲಿ ‘ಸ್ವಲ್ಪ’ ಎಂಬ ಮಾತಿಗೆ ಅಳತೆ ಇದೆ: ಸರಾಸರಿ ಅರವತ್ತೈದರವರೆಗೆ, ಅದಕ್ಕಿಂತ ಕೆಳಗಿಲ್ಲ. ಬಹುಮಹಡಿ ಕಟ್ಟಡದಲ್ಲಿ ಪಂಪಿನ ಒತ್ತಡ ಇಳಿಸುತ್ತಾ ಹೋದರೆ ಕೆಳಗಿನ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ, ಮೇಲಿನ ಮಹಡಿಯದು ಸದ್ದಿಲ್ಲದೆ ಒಣಗುತ್ತದೆ. ಮೂತ್ರಪಿಂಡ ಆ ಮೇಲಿನ ಮಹಡಿಯ ಬಾಡಿಗೆದಾರ. ಮೊದಲಿನಿಂದ ಹೆಚ್ಚು ಒತ್ತಡಕ್ಕೆ ಒಗ್ಗಿಹೋದವರಲ್ಲಿ ಆ ಮಹಡಿ ಇನ್ನೂ ಎತ್ತರದಲ್ಲಿರುತ್ತದೆ. ಇದು ಮೂರನೆಯ ವರ್ಷದ ಪಠ್ಯ. ಒಂದು ಹನಿಯವರು ಅದನ್ನು ಓದಿರಲಿಲ್ಲವೆಂದಲ್ಲ. ಹಲಗೆ ಎದುರಿಗಿರುವಾಗ ಪುಸ್ತಕ ನೆನಪಾಗುತ್ತಿರಲಿಲ್ಲ.

ಒತ್ತಡ ಇಳಿಸುವವರು ಅರಿವಳಿಕೆಯ ವೈದ್ಯರು. ‘ಇನ್ನೂ ಸ್ವಲ್ಪ’ ಎಂದು ಒಂದು ಹನಿಯವರು ತಲೆ ಎತ್ತದೆ ಹೇಳಿದಾಗಲೆಲ್ಲ ಅವರು ‘ಆಗಲಿ ಸಾರ್’ ಎಂದು ಔಷಧದ ವೇಗ ಹೆಚ್ಚಿಸುತ್ತಾರೆ. ಅವರ ಹೆಸರು ಆಗಲಿ. ಒಂದು ಹನಿ ಮತ್ತು ಆಗಲಿ: ಇಬ್ಬರೂ ಸೇರಿದರೆ ಒಂದು ಪೂರ್ಣ ವಾಕ್ಯ ಎಂದು ಶಸ್ತ್ರಚಿಕಿತ್ಸಾ ಕೊಠಡಿಯ ದಾದಿಯರು ನಗುತ್ತಾರೆ.

ಇನ್ನು ನನ್ನ ಮಾವ. ಅಮ್ಮನ ತಮ್ಮ, ನಲವತ್ತೇಳು ವರ್ಷ, ಇಪ್ಪತ್ತೊಂದು ವರ್ಷದಿಂದ ನಗರದ ಬಸ್ಸಿನ ಚಾಲಕರು. ಹಿಂದೆ ಸರಿದ ಸಣ್ಣ ದವಡೆ, ದಪ್ಪ ಕುತ್ತಿಗೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಗಂಟೆಗೆ ನಲವತ್ತು ಸಲ ಅವರ ಉಸಿರು ನಿಲ್ಲುತ್ತಿತ್ತು. ಅವರ ಗೊರಕೆಗೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು, ಇವರು ಅದನ್ನು ಬಾಗಿಲು ಬಡಿದ ಸದ್ದೆಂದುಕೊಂಡು ಎದ್ದು ಹೋಗಿ ತೆರೆಯುತ್ತಿದ್ದರು. ಒಂದು ದಿನ ಕೆಂಪು ದೀಪದ ಮುಂದೆ ನಿಂತ ಬಸ್ಸಿನಲ್ಲಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ನಿದ್ದೆಹೋದರು. ದೀಪ ಎರಡು ಸಲ ಹಸಿರಾಗಿ ಮತ್ತೆ ಕೆಂಪಾಯಿತು. ಸಾರಿಗೆ ಸಂಸ್ಥೆಯ ವೈದ್ಯರು ಅವರನ್ನು ಚಾಲನೆಯಿಂದ ಇಳಿಸಿ ಡಿಪೋದ ಗೇಟಿನಲ್ಲಿ ಕೂರಿಸಿದರು. ಬಂದ ಬಸ್ಸು, ಹೋದ ಬಸ್ಸು ಬರೆಯುವ ಕೆಲಸ.

ಮಾವನಿಗೆ ಆ ಕುರ್ಚಿ ಸಾವಿಗಿಂತ ಕಡೆಯಾಗಿತ್ತು. ದವಡೆಯನ್ನು ಹತ್ತು ಮಿಲಿಮೀಟರ್ ಮುಂದಕ್ಕೆ ತಂದರೆ ಉಸಿರಿನ ದಾರಿ ತೆರೆಯುತ್ತದೆ, ಮತ್ತೆ ಬಸ್ಸು ಓಡಿಸಬಹುದು ಎಂದು ಯಾರೋ ಹೇಳಿದ್ದರು. ಅವರು ನನ್ನ ಬಳಿಗೆ ಬಂದರು. ಆಸ್ಪತ್ರೆಯಲ್ಲಿದ್ದ ನಮ್ಮವಳು ನಾನೊಬ್ಬಳೇ; ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ಚಿಕ್ಕಂದಿನಲ್ಲಿ ಉಂಡೆಗಳನ್ನು ತೂಕ ಮಾಡಿ ಹಂಚುತ್ತಿದ್ದೆನೆಂದು ಮಾವ ನನ್ನನ್ನು ದಶಮಾಂಶ ಎಂದೇ ಕರೆಯುತ್ತಾರೆ.

“ದಶಮಾಂಶ, ನಿಜ ಹೇಳು. ಒಳಗೆ ಹೋದೋನು ಹೊರಗೆ ಬರ್ತೀನಾ?”

ನಾನು ಅವರಿಗೆ ಒಂದು ಪಟ್ಟಿ ತೋರಿಸಿದೆ. ಅದಕ್ಕೆ ಮೂರು ತಿಂಗಳ ಹಿಂದೆ ಒಂದು ಹನಿಯವರು ಸಮ್ಮೇಳನವೊಂದಕ್ಕಾಗಿ ತಮ್ಮ ರೋಗಿಗಳ ಅಂಕಿಗಳನ್ನು ನನ್ನ ಕೈಗೆ ಕೊಟ್ಟು, ಲೆಕ್ಕ ಹಾಕಿ ಅಂದವಾಗಿ ಜೋಡಿಸಿಕೊಡಲು ಹೇಳಿದ್ದರು. ನಲವತ್ತೊಂದು ರೋಗಿಗಳು. ಒಂದು ಕಾಲಮ್ಮಿನಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲಿನ ಕ್ರಿಯಾಟಿನಿನ್, ಇನ್ನೊಂದರಲ್ಲಿ ಎರಡನೆಯ ದಿನದ್ದು. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ಹೊರಹಾಕಬೇಕಾದ ಕಸ. ರಕ್ತದಲ್ಲಿ ಅದು ಏರಿದರೆ ಮೂತ್ರಪಿಂಡ ಕೆಲಸ ಬಿಟ್ಟಿದೆಯೆಂದು ಅರ್ಥ. ಮೊದಲ ಕಾಲಮ್ಮಿನ ಸರಾಸರಿ 0.86, ಎರಡನೆಯದರದು 0.87. ಒಬ್ಬರಿಗೂ ಪೆಟ್ಟಾಗಿರಲಿಲ್ಲ. ಸರಾಸರಿಗಳನ್ನು ನಾನು ಮೂರು ಸಲ ತಾಳೆ ನೋಡಿದ್ದೆ. ಕಾಲಮ್ಮುಗಳ ಅಗಲ ಸಮವಾಗಿತ್ತು. ದಶಮಾಂಶ ಬಿಂದುಗಳು ಒಂದರ ಕೆಳಗೊಂದು ನಿಂತಿದ್ದವು. ಅಡಿಯಲ್ಲಿ ಎರಡು ಸಣ್ಣ ಟಿಪ್ಪಣಿಗಳಿದ್ದವು: ಒಬ್ಬರನ್ನು ಜ್ವರದ ಕಾರಣ, ಇನ್ನೊಬ್ಬರನ್ನು ನೋವಿನ ಮಾತ್ರೆಯ ಕಾರಣ ಪಟ್ಟಿಯಿಂದ ಕೈಬಿಡಲಾಗಿದೆ. ಆ ಟಿಪ್ಪಣಿಗಳನ್ನೂ ನಾನು ಚೆಂದವಾಗಿ ಜೋಡಿಸಿದ್ದೆ. ಒಂದು ಹನಿಯವರು ಸಭೆಯಲ್ಲಿ ನನ್ನ ಅಚ್ಚುಕಟ್ಟುತನವನ್ನು ಹೊಗಳಿದ್ದರು, ನಾನು ಅದನ್ನು ಮನೆಗೆ ಬಂದು ಅಮ್ಮನಿಗೆ ಹೇಳಿದ್ದೆ.

“ನಲವತ್ತೊಂದು ಜನ, ಒಬ್ಬರಿಗೂ ಏನೂ ಆಗಿಲ್ಲ ಮಾವ.”

ಮಾವ ಪಟ್ಟಿಯನ್ನು ದೂರ ಹಿಡಿದು ನೋಡಿದರು. ತಮ್ಮ ಡಿಪೋದಲ್ಲಿ ನಲವತ್ತೊಂದು ಬಸ್ಸುಗಳು ಸಮಯಕ್ಕೆ ಸರಿಯಾಗಿ ಬಂದವೆಂದು ಯಾರಾದರೂ ಬರೆದುಕೊಟ್ಟರೆ ತಾವು ಮೊದಲು ಗಡಿಯಾರ ಓಡುತ್ತಿದೆಯೇ ಎಂದು ನೋಡುವುದಾಗಿ ಹೇಳಿದರು. ನಾನು ನಕ್ಕೆ. ಅಮ್ಮನೂ ನಕ್ಕರು. ಮಾವ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಅದರ ಹಿಂದಿನ ಪುಟದಲ್ಲಿ ಅವರ ಒತ್ತಡ 150, 95 ಎಂದು ನಮೂದಾಗಿತ್ತು. ಅಂದರೆ ಸರಾಸರಿ ನೂರ ಹದಿಮೂರು. ಅದರ ಪಕ್ಕದಲ್ಲಿ ಆಗಲಿಯವರ ಕೈಬರಹ: ‘ಭಯದಿಂದ.’ ಆರು ವರ್ಷದಿಂದ ಒತ್ತಡಕ್ಕೆ ಮಾತ್ರೆ ನುಂಗುತ್ತಿದ್ದ ಮನುಷ್ಯನ ಬಗ್ಗೆ ಈ ಸಂಶೋಧನೆ.

ಮಂಗಳವಾರ ನಡೆದದ್ದು ಮೇಲೆ ಇದೆ. ತೊಂಬತ್ತು ಮಿಲಿಲೀಟರ್ ಆ ವಿಭಾಗದ ಚರಿತ್ರೆಯಲ್ಲೇ ಕಡಿಮೆ. ನಾನು ಕಾರಿಡಾರಿನಲ್ಲಿ ನಿಂತಿದ್ದಾಗ ಒಂದು ಹನಿಯವರು ಕೈಗವಸು ಕಳಚುತ್ತಾ ಬಂದು, ನಿಮ್ಮ ಮಾವ ದಾಖಲೆ ಮುರಿದರು ಎಂದರು. ಮಲಗಿದ್ದ ಮಾವ ಏನು ಮುರಿದರೋ ತಿಳಿಯದೆ ನಾನೂ ಚಪ್ಪಾಳೆ ತಟ್ಟಿದೆ. ಇದನ್ನು ಬಿಟ್ಟು ಬರೆಯಬಹುದಿತ್ತು. ಅನುಕೂಲವಿಲ್ಲದ್ದನ್ನು ಬಿಡುವ ಕೆಲಸಕ್ಕೆ ಆ ವಿಭಾಗದಲ್ಲಿ ಈಗಾಗಲೇ ಸಾಕಷ್ಟು ಜನರಿದ್ದಾರೆ.

ಬುಧವಾರ ಬೆಳಗ್ಗೆ ಎಂಟರಿಂದ ನಾನು ಮಾವನ ರಕ್ತದ ನಳಿಕೆಗಾಗಿ ಕಾದೆ. ಎರಡನೆಯ ದಿನದ ಪರೀಕ್ಷೆ ಬರಬೇಕಷ್ಟೆ. ನನ್ನ ಪಟ್ಟಿಯಲ್ಲಿ ನಲವತ್ತೊಂದು ಮಂದಿಗೂ ಅದು ಇತ್ತು. ಒಂಬತ್ತಕ್ಕೆ ಬರಲಿಲ್ಲ. ಹತ್ತಕ್ಕೆ ಬರಲಿಲ್ಲ. ಹತ್ತೂವರೆಗೆ ವಾರ್ಡಿಗೆ ಹೋದೆ.

ಮಾವನ ಮುಖ ಕುಂಬಳಕಾಯಿಯಷ್ಟಾಗಿತ್ತು. ದವಡೆಗಳನ್ನು ರಬ್ಬರಿನಿಂದ ಬಿಗಿದಿದ್ದರಿಂದ ಮಾತು ಇಲ್ಲ. ಎದೆಯ ಮೇಲೊಂದು ಪುಸ್ತಕ, ಪೆನ್ನು. ನನ್ನನ್ನು ಕಂಡು ಬರೆದರು: ‘ರೇಡಿಯೇಟರ್‌ಗೆ ನೀರು ಹಾಕ್ತಾನೇ ಇದಾರೆ. ಕೆಳಗೆ ತೊಟ್ಟಿಕ್ತಾ ಇಲ್ಲ.’

ವಾರ್ಡಿನ ಹಿರಿಯ ದಾದಿ ಇಪ್ಪತ್ತೆಂಟು ವರ್ಷ ಸೇವೆ ಮಾಡಿದವರು. ಮೂತ್ರ ಎಷ್ಟಾಗಿದೆ ಎಂದು ಅವರನ್ನು ಕೇಳಿದೆ. ದವಡೆಯ ರೋಗಿಗಳಿಗೆ ಮೂತ್ರದ ನಳಿಕೆ ಹಾಕುವುದಿಲ್ಲ, ಅಳೆಯುವುದೂ ಇಲ್ಲ, ಮುಖದ ಕೆಲಸಕ್ಕೆ ಕೆಳಗಿನ ಲೆಕ್ಕ ಯಾಕೆ ಎಂದು ಮುಖ್ಯಸ್ಥರೇ ನಿಲ್ಲಿಸಿದ್ದಾರೆ ಎಂದು ಅವರು ಹೇಳಿದರು. ಹಾಗಾದರೆ ಎರಡನೆಯ ದಿನದ ರಕ್ತ?

“ಯಾವ ರಕ್ತ? ಜ್ವರ ಬಂದ್ರೆ, ವಾಂತಿ ಆದ್ರೆ ಕಳಿಸ್ತೀವಿ. ಸುಮ್ಮಸುಮ್ಮನೆ ಯಾವತ್ತು ಕಳಿಸಿದ್ದೀವಮ್ಮಾ? ಕಳಿಸಿದ್ರೆ ನಿಮ್ಮ ರಿಜಿಸ್ಟರಲ್ಲೇ ಇರುತ್ತಲ್ಲ.”

ನನ್ನ ರಿಜಿಸ್ಟರು. ನಾನು ಪಟ್ಟಿಯನ್ನು ಜೋಡಿಸಿದ ಮೇಜಿನಿಂದ ಅದು ಎರಡು ಅಡಿ ದೂರದಲ್ಲಿತ್ತು. ಎಡಗೈ ಚಾಚಿದ್ದರೆ ಸಿಗುತ್ತಿತ್ತು.

ದಾದಿ ಆ ಹೊತ್ತಿಗಾಗಲೇ ಮಾವನ ತೋಳಿನಿಂದ ರಕ್ತ ತೆಗೆಯುತ್ತಿದ್ದರು. ಚೀಟಿಯ ಮೇಲೆ ವೈದ್ಯರ ಸಹಿ ಬೇಕಿತ್ತು. ಪಾಳಿಯ ವೈದ್ಯರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು. ಓದದೆ ಸಹಿ ಹಾಕುವ ಆ ವಿಭಾಗದ ಪದ್ಧತಿ ಆವತ್ತು ಒಮ್ಮೆ ಉಪಕಾರಕ್ಕೆ ಬಂತು.

ಮೊದಲಿನ ಕ್ರಿಯಾಟಿನಿನ್ 0.94 ಇತ್ತು. ಬುಧವಾರ ಹನ್ನೊಂದೂವರೆಗೆ 1.71. ತಿಳಿದ ಮೌಲ್ಯದ ದ್ರಾವಣವನ್ನು ಹಾಕಿ ಯಂತ್ರವನ್ನು ಪರೀಕ್ಷಿಸಿದೆ; ಸರಿಯಿತ್ತು. ಅದೇ ನಳಿಕೆಯನ್ನು ಮತ್ತೆ ಹಾಕಿದೆ: 1.73. ಆಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಒಂದೇ ನಳಿಕೆ, ಒಂದೇ ಯಂತ್ರ, ಹತ್ತು ನಿಮಿಷದ ಅಂತರ. ಆದರೂ ಎರಡನೆಯ ದಶಮಾಂಶ ಅಲುಗುತ್ತದೆ. ಪ್ರತಿದಿನ ಇದನ್ನು ನೋಡುತ್ತಿದ್ದವಳು ನಾನು. ನನ್ನ ಪಟ್ಟಿಯಲ್ಲಿ ಎಷ್ಟು ಮಂದಿಯ ಎರಡೂ ಸಂಖ್ಯೆಗಳು ಎರಡನೆಯ ದಶಮಾಂಶದವರೆಗೆ ಒಂದೇ ಆಗಿದ್ದವು?

ಎಣಿಸಿದೆ. ಮೂವತ್ತು. ರಿಜಿಸ್ಟರು ತೆರೆದೆ. ಆ ಮೂವತ್ತು ಮಂದಿಯ ರಕ್ತ ಎರಡನೆಯ ದಿನ ಪ್ರಯೋಗಾಲಯಕ್ಕೆ ಬಂದೇ ಇರಲಿಲ್ಲ.

ಮೊದಲು ಮಾವ. ಒಂದು ಹನಿಯವರಿಗೆ ಫೋನು ಮಾಡಿದೆ. ನಿಮ್ಮ ಯಂತ್ರ ಕೆಟ್ಟಿರಬೇಕು ಎಂದರು. ಯಂತ್ರ ಸರಿಯಿದೆ ಎಂದೆ. ಹಾಗಾದರೆ ರೋಗಿ ನೀರು ಕುಡಿದಿಲ್ಲ ಎಂದರು. ಬಾಯಿ ಬಿಗಿದ ರೋಗಿಗೆ ನೀರು ಹೋಗುವುದು ನಿಮ್ಮ ಬಾಟಲಿಯಿಂದ ಎಂದೆ. ಸಾಯಂಕಾಲ ನೋಡೋಣ ಎಂದು ಇಟ್ಟರು. ಸಾಯಂಕಾಲ ಅವರು ಯಾರಿಗೋ ತೊಂಬತ್ತರ ಕಥೆ ಹೇಳಲು ಹೋಗಿದ್ದರು. ದಾದಿ ಯಾರನ್ನೂ ಕೇಳದೆ ಮೂತ್ರಪಿಂಡದ ವೈದ್ಯೆಯನ್ನು ಕರೆಸಿದರು. ಆಕೆ ಐದು ನಿಮಿಷ ನಿಂತರು, ಕಡತವನ್ನು ಹಿಂದಿನಿಂದ ಮುಂದಕ್ಕೆ ಓದಿದರು, ಆರು ಗಂಟೆಗೊಮ್ಮೆ ಕೊಡುತ್ತಿದ್ದ ನೋವಿನ ಚುಚ್ಚುಮದ್ದನ್ನು ಮೊದಲು ನಿಲ್ಲಿಸಿದರು. ಹಸಿದ ಮೂತ್ರಪಿಂಡಕ್ಕೆ ಅದು ಎರಡನೆಯ ಏಟು. ನಂತರ ಅರಿವಳಿಕೆಯ ಹಾಳೆ ನೋಡಿದರು. ಅರವತ್ತೈದರ ಸಾಲನ್ನು ಬೆರಳಿನಿಂದ ಸವರಿ, ಬದುಕಿರುವ ಮನುಷ್ಯನಿಗೆ ಇಷ್ಟು ಅಲುಗದ ಒತ್ತಡ ಇರಲು ಸಾಧ್ಯವಿಲ್ಲ, ಯಂತ್ರದ ನೆನಪನ್ನು ತೆಗೆಸಿ ಎಂದರು. ಈ ಕಥೆಯ ಮೊದಲ ಪ್ಯಾರಾ ಸಿಕ್ಕಿದ್ದು ಹಾಗೆ.

ಗುರುವಾರ 2.60. ಶುಕ್ರವಾರ 3.12. ಆವತ್ತು ಅಮ್ಮ ನನ್ನೊಂದಿಗೆ ಮಾತಾಡಲಿಲ್ಲ. ಮಾವ ಪುಸ್ತಕದಲ್ಲಿ ಬರೆದರು: ‘ನಿಮ್ಮಮ್ಮನ್ನ ನಗಿಸು. ನನ್ನ ಬಾಯಿ ಬೀಗದಲ್ಲಿದೆ.’ ಶನಿವಾರ ಮೂತ್ರ ಇಳಿಯತೊಡಗಿತು, ಭಾನುವಾರ 2.4. ರಕ್ತವನ್ನು ಯಂತ್ರದಲ್ಲಿ ತೊಳೆಯುವ ಅಗತ್ಯ ಬರಲಿಲ್ಲ. ಹದಿಮೂರನೆಯ ದಿನ ಅವರು ಮನೆಗೆ ಬಂದರು.

ಆ ಹದಿಮೂರು ದಿನಗಳಲ್ಲಿ ನಾನು ಮೂವತ್ತು ಸಂಖ್ಯೆಗಳ ಮೂಲವನ್ನು ಹುಡುಕಿದೆ. ಬಹಳ ಹುಡುಕಬೇಕಾಗಲಿಲ್ಲ. ಅಂಕಿಗಳನ್ನು ತುಂಬಿದ ಸಹಾಯಕ ವೈದ್ಯೆ ಯಾವುದನ್ನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ್ದೇನಾದರೂ ಇದೆಯೆಂದು ಆಕೆಗೆ ಅನ್ನಿಸಿರಲಿಲ್ಲ. ವಿಭಾಗದಲ್ಲಿ ಒಂದು ನಿಯಮವಿತ್ತು. ರೋಗಿ ನಡೆದುಕೊಂಡು ಮನೆಗೆ ಹೋದರೆ ಮೂತ್ರಪಿಂಡ ಸರಿಯಿದೆ ಎಂದು ಅರ್ಥ, ಆದ್ದರಿಂದ ಪರೀಕ್ಷೆಯಾಗದಿದ್ದಲ್ಲಿ ಮೊದಲಿನ ಸಂಖ್ಯೆಯನ್ನೇ ಎರಡನೆಯ ಕಾಲಮ್ಮಿನಲ್ಲೂ ಬರೆಯುವುದು. ಖಾಲಿ ಜಾಗ ಬಿಟ್ಟರೆ ಮುಖ್ಯಸ್ಥರಿಗೆ ಇಷ್ಟವಾಗುವುದಿಲ್ಲ ಎಂದು ಆಕೆ ನನಗೆ ವಿವರಿಸಿದರು. ಇದು ಮೋಸವೂ ಅಲ್ಲ. ಮೋಸಕ್ಕೆ ಸತ್ಯ ಏನೆಂದು ಮೊದಲು ತಿಳಿದಿರಬೇಕು.

ಕೈಬಿಟ್ಟ ಇಬ್ಬರನ್ನೂ ರಿಜಿಸ್ಟರಿನಲ್ಲಿ ಕಂಡೆ. ಜ್ವರದವರದು 0.80ರಿಂದ 1.90ಕ್ಕೆ ಏರಿತ್ತು, ಮಾತ್ರೆಯವರದು 0.90ರಿಂದ 2.20ಕ್ಕೆ. ಪರೀಕ್ಷೆಯಾಗದವರೆಲ್ಲ ಆರೋಗ್ಯವಂತರು, ಪರೀಕ್ಷೆಯಾಗಿ ಕೆಟ್ಟದ್ದು ಕಂಡವರು ಬೇರೆ ಕಾರಣದವರು. ಇಂಥ ಜರಡಿಯಲ್ಲಿ ಯಾವ ಕಲ್ಲೂ ನಿಲ್ಲುವುದಿಲ್ಲ.

ತಿಂಗಳ ಕೊನೆಗೆ ಒಂದು ಹನಿಯವರು ನನ್ನನ್ನು ಕರೆಸಿದರು. ಅವರ ಕೊಠಡಿಯಲ್ಲಿ ಪ್ಲಾಸ್ಟಿಕ್ ದವಡೆಗಳ ಸಾಲು, ಗೋಡೆಯ ತುಂಬ ಪ್ರಶಸ್ತಿಪತ್ರ. ಎಲ್ಲ ದವಡೆಗಳೂ ತೆರೆದಿದ್ದವು, ಒಂದೂ ಮಾತಾಡುತ್ತಿರಲಿಲ್ಲ; ವಿಭಾಗದ ಸಭೆಯ ಹಾಗೆಯೇ ಇತ್ತು. ಆಗಲಿಯವರು ಮೂಲೆಯಲ್ಲಿ ಕುಳಿತಿದ್ದರು. ಪಟ್ಟಿಗೆ ಮಾವನನ್ನೂ ಸೇರಿಸಿ ಸಮ್ಮೇಳನಕ್ಕೆ ಕಳಿಸಬೇಕಾಗಿತ್ತು, ತೊಂಬತ್ತನ್ನು ಬಿಡುವ ಮನಸ್ಸು ಅವರಿಗಿರಲಿಲ್ಲ. ಆದರೆ ಮಾವನ ಮೂತ್ರಪಿಂಡ ಬೇಡ. ಅದಕ್ಕೊಂದು ಉಪಾಯ ಸಿದ್ಧವಾಗಿತ್ತು.

“ನೋಡಮ್ಮಾ, ರಕ್ತನಷ್ಟದ ಪಟ್ಟಿಯಲ್ಲಿ ಅವರು ಇರಲಿ. ಕ್ರಿಯಾಟಿನಿನ್ ಪಟ್ಟಿಯಲ್ಲಿ ಮಾತ್ರ ಅಡಿಗೆ ಒಂದು ಟಿಪ್ಪಣಿ ಹಾಕಿಬಿಡು. ಮೊದಲೇ ರಕ್ತದೊತ್ತಡ ಇದ್ದ ಕಾರಣ ಕೈಬಿಡಲಾಗಿದೆ ಅಂತ.”

ನಾನು ಆಗಲಿಯವರ ಕಡೆ ತಿರುಗಿ, ತಾವು ಅದನ್ನು ‘ಭಯದಿಂದ’ ಎಂದು ಬರೆದಿದ್ದಿರಲ್ಲ ಎಂದು ಕೇಳಿದೆ. ಅವರು ಒಂದು ಹನಿಯವರ ಮುಖ ನೋಡಿದರು. ಮೂವತ್ತು ಮಂದಿಯ ರಕ್ತ ಬಂದೇ ಇಲ್ಲ ಎಂದು ಹೇಳಿ ರಿಜಿಸ್ಟರಿನ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಒಂದು ಹನಿಯವರು ಅದನ್ನು ಮುಟ್ಟಲಿಲ್ಲ. ನೀನು ಲೆಕ್ಕದವಳು, ವೈದ್ಯೆಯಲ್ಲ, ಅಂಕಿಗಳನ್ನು ನಾವು ಕೊಡುತ್ತೇವೆ, ನೀನು ಕೂಡಿಸು ಎಂದರು. ಆಲೋಚಿಸಲು ಒಂದು ವಾರ ಕೊಟ್ಟರು. ಅಷ್ಟು ದೀರ್ಘವಾದ ಆಲೋಚನೆಯನ್ನು ಆ ಕೊಠಡಿ ಅದುವರೆಗೆ ಯಾರಿಗೂ ವಿಧಿಸಿರಲಿಲ್ಲ.

ಮೂರನೆಯ ತಿಂಗಳು ಮಾವ ಪರೀಕ್ಷೆಗೆ ಬಂದರು ಎಂದು ಬರೆಯುವ ಮೊದಲು ಆ ವಾರದ ಭಾನುವಾರವನ್ನು ಬರೆಯಬೇಕು. ರಬ್ಬರು ಸಡಿಲಿಸಿದ್ದರು, ಮಾವ ಹಲ್ಲುಗಳ ನಡುವಿನಿಂದ ಮಾತಾಡುತ್ತಿದ್ದರು. ನಮ್ಮ ಅಡುಗೆಮನೆಯ ಮೇಜಿನಲ್ಲಿ ಗಂಜಿ ಹೀರುತ್ತಾ, ಪಟ್ಟಿಯಲ್ಲಿ ತಮ್ಮ ಸಾಲು ಯಾವುದು ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ: ಮೂವತ್ತು, ಇಬ್ಬರು, ಮೂರನೆಯ ಟಿಪ್ಪಣಿ. ನನ್ನ ಪಟ್ಟಿಯನ್ನು ನಂಬಿಯೇ ಅವರು ಸಹಿ ಹಾಕಿದ್ದು ಎಂಬುದನ್ನೂ ಹೇಳಿದೆ. ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದರು.

ಮಾವ ಬಟ್ಟಲಿನಿಂದ ಬಾಯಿ ತೆಗೆದರು.

“ನಿನ್ನ ಹೆಸರು ದಶಮಾಂಶ ಅಂತ ಇಟ್ಟೋನು ನಾನೇ. ಬಿಂದು ಸರಿಯಾದ ಜಾಗದಲ್ಲಿತ್ತು, ಅದರ ಹಿಂದೆ ಮನುಷ್ಯರೇ ಇರಲಿಲ್ಲ ಅಷ್ಟೆ.” ಆಮೇಲೆ ಬಟ್ಟಲು ಕೆಳಗಿಟ್ಟರು. “ಇಪ್ಪತ್ತೊಂದು ವರ್ಷ ಬಸ್ಸು ಓಡಿಸಿದೀನಿ ಕಣೇ. ಟಿಕೆಟ್ ತಗೊಂಡು ಹತ್ತಿದೋರನ್ನ ಮಧ್ಯದಲ್ಲಿ ಇಳಿಸಿದ್ದಿಲ್ಲ. ನನ್ನನ್ನ ಇಳಿಸಬೇಡ. ಆ ಇಬ್ಬರನ್ನೂ ಹತ್ತಿಸ್ಕೋ.”

ಅಮ್ಮ ನಲ್ಲಿ ತಿರುಗಿಸಿದರು. ಖಾಲಿ ಸೀಟುಗಳಿಗೂ ಟಿಕೆಟ್ ಹರಿದು ಬಸ್ಸು ತುಂಬಿದೆ ಅನ್ನೋ ಕಂಡಕ್ಟರನ್ನ ಏನು ಮಾಡ್ತೀರೋ ನಿಮ್ಮ ಡಿಪೋದಲ್ಲಿ ಎಂದು ತಮ್ಮನನ್ನು ಕೇಳಿದರು. ಮಾವ ನಗಲು ಹೋಗಿ ದವಡೆ ಹಿಡಿದುಕೊಂಡರು.

ಸೋಮವಾರ ನಾನು ಹೊಸ ಪಟ್ಟಿಯನ್ನು ಆಸ್ಪತ್ರೆಯ ಪರಿಶೀಲನಾ ಸಮಿತಿಗೆ ನನ್ನ ಸಹಿಯೊಂದಿಗೆ ಕೊಟ್ಟೆ, ಒಂದು ಪ್ರತಿ ಒಂದು ಹನಿಯವರಿಗೆ. ಪರೀಕ್ಷೆಯಾಗದ ಕಡೆ ಖಾಲಿ ಬಿಟ್ಟಿದ್ದೆ. ಅದು ನಾನು ಈವರೆಗೆ ಮಾಡಿದ ಪಟ್ಟಿಗಳಲ್ಲಿ ಅತ್ಯಂತ ಕುರೂಪವಾದದ್ದು. ಪಟ್ಟಿಗೆ ಹೊಸಬರನ್ನು ಸೇರಿಸುವ ಮುನ್ನ ಎರಡನೆಯ ದಿನ ಅವರ ರಕ್ತ ಕಳಿಸತಕ್ಕದ್ದು ಎಂದು ಸಮಿತಿ ಆದೇಶಿಸಿತು. ಹಲಗೆಯ ವಿಚಾರ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದೂ ಬರೆಯಿತು. ಹಲಗೆ ಇನ್ನೂ ಅಲ್ಲೇ ಇದೆ, ತೊಂಬತ್ತರ ಸುತ್ತ ಒಂದು ಕೆಂಪು ವೃತ್ತ.

ಮೂರನೆಯ ತಿಂಗಳ ಪರೀಕ್ಷೆಯಲ್ಲಿ ಮಾವನ ಕ್ರಿಯಾಟಿನಿನ್ 1.52 ಇತ್ತು, ಆರನೆಯ ತಿಂಗಳು 1.49. ಗೊರಕೆ ನಿಂತಿದೆ. ಒತ್ತಡಕ್ಕೆ ಮೊದಲು ಒಂದು ಮಾತ್ರೆ ಸಾಕಾಗುತ್ತಿತ್ತು, ಈಗ ಮೂರು ನುಂಗಿದರೂ ಹತೋಟಿಗೆ ಬಂದಿಲ್ಲ. ಅದು ಬರುವವರೆಗೆ ಬಸ್ಸು ಇಲ್ಲ ಎಂದು ಸಂಸ್ಥೆಯ ವೈದ್ಯರು ಹೇಳಿದ್ದಾರೆ. ಅವರು ಗೇಟಿನಲ್ಲಿ ಪೂರ್ತಿ ಎಚ್ಚರವಾಗಿ ಕುಳಿತು ಬಂದ ಬಸ್ಸು, ಹೋದ ಬಸ್ಸು ಬರೆಯುತ್ತಾರೆ. ಬಾರದ ಬಸ್ಸಿನ ಮುಂದೆ ಜಾಗ ಖಾಲಿ ಬಿಡುತ್ತಾರೆ.

ಪಟ್ಟಿಯಿಂದ ಕಂಡುಬಂದದ್ದು: ಒತ್ತಡ ಇಳಿಸಿ ದವಡೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಲವತ್ತನಾಲ್ಕು ಮಂದಿಯಲ್ಲಿ ಎರಡನೆಯ ದಿನ ರಕ್ತಪರೀಕ್ಷೆಯಾದವರು ಹದಿನಾಲ್ಕು, ಅವರಲ್ಲಿ ಮೂತ್ರಪಿಂಡಕ್ಕೆ ಪೆಟ್ಟಾದವರು ಮೂವರು, ಉಳಿದ ಮೂವತ್ತು ಮಂದಿಯ ಮೂತ್ರಪಿಂಡಗಳಿಗೆ ಏನಾಯಿತೆಂದು ಗೊತ್ತಿಲ್ಲ.